ಹೇಗೂ ಹೋಗುವವರು

ಮಗಳ ಮನೆಯ ಅಡುಗೆಕೋಣೆಯ ಕ್ಯಾಲೆಂಡರಿನಲ್ಲಿ ಅಕ್ಟೋಬರ್ 14ರ ಸುತ್ತ ಒಂದು ಕೆಂಪು ಗುರುತು ಇತ್ತು. ನಾವು ಅಮೆರಿಕದ ಡಲ್ಲೆಸ್‌ನಲ್ಲಿ ವಿಮಾನ ಇಳಿದ ಮಾರನೆಯ ದಿನವೇ ಅವಳು ನಮ್ಮ ಐ-94, ಅಂದರೆ ಯಾವ ದಿನದವರೆಗೆ ಇರಬಹುದೆಂದು ಬರೆದ ದಾಖಲೆ, ತೆಗೆದು ನೋಡಿ ಹಾಕಿದ ಗುರುತು. ವೀಸಾ ಹತ್ತು ವರ್ಷದ್ದಾದರೂ ಒಂದು ಸಲಕ್ಕೆ ಇರಗೊಡುವುದು ಸಾಮಾನ್ಯವಾಗಿ ಆರು ತಿಂಗಳು. ನಮಗಿನ್ನೂ ರಾತ್ರಿಯ ನಿದ್ದೆ ಸರಿಹೋಗಿರಲಿಲ್ಲ, ಹೊರಡುವ ದಿನ ಆಗಲೇ ಗೋಡೆಯ ಮೇಲಿತ್ತು.

ಆ ಮೊದಲ ವರ್ಷ ವರ್ಜೀನಿಯಾದಲ್ಲಿ ನನ್ನ ಬಾಯಲ್ಲಿ ಹೆಚ್ಚು ಬಂದ ಮಾತು 'ಹೇಗೂ ಹೋಗುವವರು'. ನಡೆಯಲು ಒಳ್ಳೆಯ ಶೂ ಕೊಡಿಸುತ್ತೇನೆ ಅಂದಳು ಮಗಳು. ಬೇಡ ಕಣೆ, ಹೇಗೂ ಹೋಗುವವರು. ಲೈಬ್ರರಿ ಕಾರ್ಡ್ ಮಾಡಿಸೋಣ ಅಂದಳು. ಯಾಕೆ ಸುಮ್ಮನೆ, ಹೇಗೂ ಹೋಗುವವರು. ಕಾವೇರಿ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಒಬ್ಬರು ಹಾಡಿನ ಗುಂಪಿಗೆ ಸೇರಿಕೊಳ್ಳಿ ಎಂದು ಎರಡು ಸಲ ಕರೆದರು. ಎರಡು ಸಲವೂ ಅದೇ ಉತ್ತರ. ಎದುರು ಮನೆಯವರು ದಿನವೂ ಕೈಬೀಸುತ್ತಿದ್ದರು. ಐದೂವರೆ ತಿಂಗಳಾದರೂ ಅವರ ಹೆಸರು ಕೇಳಲಿಲ್ಲ.

ಆ ಮಾತು ನಮ್ಮ ಜೊತೆ ಮೈಸೂರಿಗೂ ಬರುತ್ತದೆಂದು ನಾನು ಎಣಿಸಿರಲಿಲ್ಲ.

ಕುವೆಂಪುನಗರದ ಮನೆಯ ಬೀಗ ತೆಗೆದಾಗ ಸಂಪಿನ ನೀರು ನಾರುತ್ತಿತ್ತು, ಯುಪಿಎಸ್ ಬ್ಯಾಟರಿ ಸತ್ತಿತ್ತು. ಪಕ್ಕದ ಮನೆಯವರು ಗೇಟಿನ ಹತ್ತಿರ ನಿಂತು ಒಂದೇ ಉಸಿರಿಗೆ ಕೇಳಿದರು, "ಯಾವಾಗ ಬಂದ್ರಿ ಮೇಡಂ? ಮತ್ತೆ ಯಾವಾಗ ಹೋಗೋದು?" ಬ್ಯಾಟರಿ ಹಾಗೇ ಇರಲಿ ಅಂದೆವು, ಏಪ್ರಿಲ್‌ಗೆ ಹೇಗೂ ಹೋಗುವವರು. ಇವರು, ನನ್ನ ಯಜಮಾನರು, ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಪಿಂಚಣಿಗಾಗಿ ನವೆಂಬರಿನಲ್ಲಿ ಲೈಫ್ ಸರ್ಟಿಫಿಕೇಟ್ ಕೊಡಬೇಕು. 2014ರಲ್ಲಿ ಜೀವನ್ ಪ್ರಮಾಣ್ ಬಂದಮೇಲೆ ಬೆರಳು ಒತ್ತಿದರೆ ಆಯಿತು. ಬದುಕಿದ್ದೇವೆ ಎಂದು ಬೆರಳೊತ್ತಿ ಬಂದ ಸಂಜೆ ನೋಡಿದೆ, ದೀಪ ಹಚ್ಚಿದ್ದು ಎರಡೇ ಕೋಣೆಗೆ. ನಡುಮನೆಯ ಸೋಫಾಕ್ಕೆ ಹೊದಿಸಿದ್ದ ಹಳೆಯ ಸೀರೆಗಳನ್ನು ತೆಗೆದೇ ಇರಲಿಲ್ಲ.

ನಂಜನಗೂಡಿನಲ್ಲಿ ನನ್ನ ಗೆಳತಿ ಇದ್ದಳು. ಒಂದೇ ಹೈಸ್ಕೂಲಿನಲ್ಲಿ ನಾನು ವಿಜ್ಞಾನ, ಅವಳು ಕನ್ನಡ, ಹತ್ತೊಂಬತ್ತು ವರ್ಷ ಪಾಠ ಮಾಡಿದವರು. ಮೈಯಲ್ಲಿ ಹುಷಾರಿಲ್ಲ, ಒಮ್ಮೆ ಬಾ ಅಂದಿದ್ದಳು. ಮೈಸೂರಿನಿಂದ ಒಂದು ಗಂಟೆಯೂ ಹಿಡಿಯದ ಬಸ್ಸಿನ ದಾರಿ. ಮುಂದಿನ ಸಲ ನಿಧಾನವಾಗಿ ಹೋಗಿ ಒಂದು ದಿನ ಇದ್ದು ಬರೋಣ ಅಂದುಕೊಂಡೆ. ಅವಳು ತೀರಿಕೊಂಡ ಸುದ್ದಿ ಬಂದಾಗ ನಾನು ಉತ್ತರ ಕೆರೊಲಿನಾದ ಕ್ಯಾರಿಯಲ್ಲಿ, ಮಗನ ಮನೆಯಲ್ಲಿದ್ದೆ. ಹೊರಗೆ ಲಾಬ್ಲಾಲಿ ಪೈನ್ ಮರಗಳ ಪರಾಗ ಕಾರು, ಮೆಟ್ಟಿಲು, ರಸ್ತೆ ಎಲ್ಲದರ ಮೇಲೂ ಅರಿಶಿನ ಚೆಲ್ಲಿದ ಹಾಗೆ ಕೂತಿತ್ತು. ಅದನ್ನು ನೋಡುತ್ತ ಮೆಟ್ಟಿಲ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ.

ಆ ಬೇಸಿಗೆಯಲ್ಲಿ ಮಗ ನಮ್ಮನ್ನು ಅಟ್ಲಾಂಟಾಕ್ಕೆ, ನನ್ನ ನಾದಿನಿಯ ಮನೆಗೆ ಕರೆದುಕೊಂಡು ಹೋದ. ಐ-85 ಹೆದ್ದಾರಿ. ರಸ್ತೆಗಾಗಿ ದಿಣ್ಣೆ ಕಡಿದಲ್ಲೆಲ್ಲ ಮಣ್ಣು ಕೆಂಪು. ಕೋಲಾರದ ಕಡೆ ಹೋಗುತ್ತಿದ್ದೇವೇನೋ ಅನ್ನಿಸುವಷ್ಟು ಕೆಂಪು. ಅಪಲಾಚಿಯನ್ ಬೆಟ್ಟಗಳಿಗೂ ಕರಾವಳಿಯ ಬಯಲಿಗೂ ನಡುವಿನ ಈ ಸೀಮೆಗೆ ಪೀಡ್‌ಮಾಂಟ್ ಎಂದು ಹೆಸರು. ಹಳೆಯ ಗ್ರಾನೈಟು, ನೈಸ್ ಬಂಡೆಗಳು ಮಳೆಬಿಸಿಲಿಗೆ ಶಿಥಿಲವಾಗಿ, ಅವುಗಳೊಳಗಿನ ಕಬ್ಬಿಣ ತುಕ್ಕಾಗಿ ಬಂದ ಬಣ್ಣ ಅದು. ನಮ್ಮ ಕೆಮ್ಮಣ್ಣಿನ ಹುಟ್ಟೂ ಹಾಗೆಯೇ ಎಂದು ಮಕ್ಕಳಿಗೆ ವರ್ಷ ವರ್ಷ ಹೇಳಿದ್ದವಳು ನಾನು. ದಕ್ಷಿಣ ಕೆರೊಲಿನಾದ ಒಂದು ಪೆಟ್ರೋಲ್ ಬಂಕಿನಲ್ಲಿ ಉಪ್ಪುನೀರಿನಲ್ಲಿ ಸಿಪ್ಪೆಸಮೇತ ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದರು. 2006ರಲ್ಲಿ ಆ ರಾಜ್ಯ ಅದನ್ನು ತನ್ನ ಅಧಿಕೃತ ತಿಂಡಿ ಎಂದು ಸಾರಿದೆಯಂತೆ, ಮಗ ಹೇಳಿದ. ಒಂದು ಬಿಡಿಸಿ ಬಾಯಿಗೆ ಹಾಕಿಕೊಂಡ ಇವರು ಬಸವನಗುಡಿಯ ಕಡಲೆಕಾಯಿ ಪರಿಷೆಯ ಮಾತು ತೆಗೆದವರು ಅಟ್ಲಾಂಟಾ ಬರುವವರೆಗೂ ನಿಲ್ಲಿಸಲಿಲ್ಲ. ಎರಡು ವರ್ಷದಲ್ಲಿ ಆ ದೇಶದಲ್ಲಿ ಅವರು ಅಷ್ಟು ಮಾತಾಡಿದ್ದು ಅದೇ ಮೊದಲು.

ಅಟ್ಲಾಂಟಾದ ಹತ್ತಿರ ಸ್ಟೋನ್ ಮೌಂಟನ್ ಇದೆ. ಸುತ್ತಲಿನ ನೆಲದಿಂದ 825 ಅಡಿ ಎದ್ದು ನಿಂತ ಬಂಡೆ, ನೋಡಿದರೆ ಸಾವನದುರ್ಗದ ತಮ್ಮ. ಅದರ ಒಂದು ಮುಖದಲ್ಲಿ, ಗುಲಾಮಗಿರಿ ಉಳಿಸಿಕೊಳ್ಳಲು ಯುದ್ಧ ಮಾಡಿದ ಪಕ್ಷದ ಮೂವರು ನಾಯಕರನ್ನು ಕುದುರೆಗಳ ಮೇಲೆ ಕೆತ್ತಿದ್ದಾರೆ. ಆ ಬಂಡೆಗೆ ಆ ಕೆತ್ತನೆ ಬೇಕಿರಲಿಲ್ಲ ಎಂದು ನನಗೆ ಅನ್ನಿಸಿತು. ನಾವು ಹತ್ತಿದ್ದು ಪಶ್ಚಿಮದ ಕಡೆಯಿಂದ. ಅರ್ಧ ದಾರಿಯಲ್ಲಿ ದಣಿವಾರಿಸಿಕೊಳ್ಳಲು ಕೂತಾಗ ನಾದಿನಿ ಹೇಳಿದಳು:

"ನಾವು 1984ರಲ್ಲಿ ಬಂದಾಗ ಐದು ವರ್ಷ ಇದ್ದು ವಾಪಸ್ ಹೋಗೋಣ ಅಂತಲೇ ಬಂದದ್ದು ಅತ್ತಿಗೆ. ಹೇಗೂ ಹೋಗೋರು ಅಂತ ಹನ್ನೆರಡು ವರ್ಷ ಗೋಡೆಗೆ ಒಂದು ಮೊಳೆ ಹೊಡೀಲಿಲ್ಲ. ಅಪ್ಪನ ಫೋಟೋ ಪೆಟ್ಟಿಗೇಲೇ ಇತ್ತು."

ಸ್ವಲ್ಪ ಹೊತ್ತು ಬಿಟ್ಟು, "ಮೈಸೂರಿಗೆ ಬಂದಾಗಲೂ ಅಷ್ಟೆ. ಮೂರು ವಾರ ರಜ. ಟೈಲರು, ಹಲ್ಲಿನ ಡಾಕ್ಟರು, ಬ್ಯಾಂಕು, ಎರಡು ಮದುವೆ. ಅಮ್ಮನ ಪಕ್ಕ ಸುಮ್ಮನೆ ಕೂತದ್ದು ಎಷ್ಟು ಹೊತ್ತು ಅಂತ ಲೆಕ್ಕ ಹಾಕಿದರೆ..." ಅಂದವಳು ಮುಂದೆ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅವಳ ಮನೆಯ ಮುಂದೆ ಈಗ ಮಾಡು ಮೀರಿ ಬೆಳೆದ ಮ್ಯಾಗ್ನೋಲಿಯಾ ಇದೆ. ಕೊನೆಗೂ ಗೋಡೆಗೆ ಆ ಮೊಳೆ ಹೊಡೆದ ವರ್ಷವೇ ನೆಟ್ಟಿದ್ದಂತೆ. ಅದು ನಮ್ಮ ಸಂಪಿಗೆಯ ಕುಲದ್ದೇ ಮರ. ರಾಲಿಯ ಕನ್ನಡ ಕೂಟದವರು ತಮ್ಮ ಕೂಟಕ್ಕೆ ಸಂಪಿಗೆ ಎಂದು ಹೆಸರಿಟ್ಟುಕೊಂಡಿರುವುದು ನನಗೆ ಅಲ್ಲಿ ನೆನಪಾಯಿತು.

ಮುಂದಿನ ವರ್ಷ ಕ್ಯಾರಿಗೆ ಹೋದ ವಾರದಲ್ಲೇ ಮಗನ ಹಿತ್ತಲಿನ ಹುಲ್ಲು ತೆಗೆಸಿ ಎರಡು ಮಡಿ ಮಾಡಿದೆ. ಅದೇ ಕೆಂಪು ಜೇಡಿ. ಸಲಿಕೆ ಇಳಿಯದು. ಕೊಳೆತ ಎಲೆಗೊಬ್ಬರ ಬೆರೆಸಿ ಹದ ಮಾಡಿದೆ. ಬೇಲಿಯ ಆಚೆ ಇದ್ದ ಆಫ್ರಿಕನ್ ಅಮೆರಿಕನ್ ಹಿರಿಯ ಹೆಂಗಸು ನನ್ನ ಕೈಯಲ್ಲಿದ್ದ ಬೀಜ ನೋಡಿ, ಓಕ್ರಾ ಆದರೆ ರಾತ್ರಿಯೆಲ್ಲ ನೆನೆಹಾಕಿ, ಮಣ್ಣು ಬೆಚ್ಚಗಾಗುವವರೆಗೆ ಕಾಯಿರಿ ಅಂದರು. ಬೆಂಡೆ ಆ ನೆಲಕ್ಕೆ ಬಂದದ್ದು ಆಫ್ರಿಕಾದಿಂದ, ಗುಲಾಮರನ್ನಾಗಿ ಹಿಡಿದು ತಂದ ಜನರ ಕಾಲದಲ್ಲಿ, ಅವರ ಅಡುಗೆಯ ಜೊತೆಗೆ. ಬೇಲಿಯಾಚೆಯ ಆ ಹಿರಿಯರ ಅಜ್ಜಿಯ ಮನೆಯಲ್ಲಿ ಬೆಂಡೆಯಿಲ್ಲದ ಬೇಸಿಗೆಯೇ ಇರಲಿಲ್ಲವಂತೆ. ಈ ಸಲ ಮೊದಲ ದಿನವೇ ಹೆಸರು ಕೇಳಿದೆ.

ಮೇ ತಿಂಗಳಲ್ಲಿ ಬಿತ್ತಿದ್ದು ಜುಲೈ ಮೊದಲ ವಾರ ಕಾಯಿ ಬಿಟ್ಟಿತು. ಅವರು ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದು ಕೊಟ್ಟರು, ನಾನು ಬೆಂಡೆಕಾಯಿ ಗೊಜ್ಜು ಕೊಟ್ಟೆ. ಬೆಲ್ಲ ಹುಳಿ ಸೇರಿದ ಆ ರುಚಿಗೆ ಅವರು ಕಣ್ಣುಮುಚ್ಚಿ ತಲೆದೂಗಿದ್ದು ಈಗಲೂ ಕಣ್ಣಮುಂದಿದೆ. ಆ ಸೀಮೆಯಲ್ಲಿ ಇಬ್ಬನಿ ಹೆಪ್ಪುಗಟ್ಟದ ಕಾಲ ಸುಮಾರು ಏಪ್ರಿಲ್ ನಡುವಿನಿಂದ ಅಕ್ಟೋಬರ್ ಕೊನೆಯವರೆಗೆ. ಹೆಚ್ಚು ಕಡಿಮೆ ನಮ್ಮ ಐ-94ರಷ್ಟೇ. ಬೆಂಡೆಗಿಡಕ್ಕೆ ಅಷ್ಟೇ ಇಡೀ ಆಯುಸ್ಸು. ಅದರಲ್ಲೇ ಮೊಳೆತು, ಹಳದಿ ಹೂ ಬಿಟ್ಟು, ಆಳೆತ್ತರ ಬೆಳೆದು, ಬೀಜ ಕಟ್ಟಿತು. ಪಾಠದಲ್ಲಿ ಇದನ್ನು ವಾರ್ಷಿಕ ಸಸ್ಯ ಎಂದು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೆ. ಬೀಜದ ಕಾಯಿಗಳನ್ನು ಒಣಗಿಸಿ ಅರ್ಧ ಸೊಸೆಯ ಕೈಗೆ, ಅರ್ಧ ಬೇಲಿಯಾಚೆಗೆ ಕೊಟ್ಟು ಹೊರಟೆ.

ಅಕ್ಟೋಬರಿನಲ್ಲಿ ಮೈಸೂರಿನ ಮನೆಯ ಬೀಗ ತೆಗೆದ ಸಂಜೆಯೇ ಸೋಫಾದ ಮೇಲಿನ ಸೀರೆಗಳನ್ನು ಎಳೆದು ಒಗೆಯಲು ಹಾಕಿದೆ. ಇವರು ಬ್ಯಾಟರಿಯವನಿಗೆ ಫೋನ್ ಮಾಡಿದರು. ಹಾಲಿನ ಹುಡುಗ, "ಎಷ್ಟು ದಿನಕ್ಕೆ ಹಾಕಲಮ್ಮ?" ಎಂದು ಕೇಳಿದ. "ದಿನಾ ಹಾಕಪ್ಪ" ಅಂದೆ. ಕಾಂಪೌಂಡಿನ ಪಕ್ಕದ ಪಾತಿಗೆ ಅವರೆ ಹಾಕಿದೆ. ಹಳೆಯ ಅವರೆ ಮುಂಗಾರಿನಲ್ಲಿ ಬಿತ್ತಿ, ಹಗಲು ಕುಗ್ಗುವ ಕಾಲಕ್ಕೆ ಕಾದು ಹೂ ಬಿಡುವಂಥದು. ನಾನು ಹಾಕಿದ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ಹಾಗೆ ಕಾಯುವುದಿಲ್ಲ, ಯಾವಾಗ ಬಿತ್ತಿದರೂ ಮೂರು ತಿಂಗಳಲ್ಲಿ ಕಾಯಿ. ಸೊಗಡು ಕಡಿಮೆ ಎನ್ನುವವರಿದ್ದಾರೆ. ನನ್ನ ಬೆರಳಿಗಂತೂ ಹತ್ತಿತು.

ಜನವರಿಯಲ್ಲಿ ಮೊದಲ ಕೊಯ್ಲನ್ನು ಬಟ್ಟೆಚೀಲಕ್ಕೆ ತುಂಬಿಕೊಂಡು ನಂಜನಗೂಡಿನ ಬಸ್ಸು ಹತ್ತಿದೆ. ಗೆಳತಿಯ ಮಗಳು ಬಾಗಿಲು ತೆರೆದವಳು ಗುರುತು ಹಿಡಿಯಲು ಒಂದು ಗಳಿಗೆ ನಿಂತಳು. ಆಮೇಲೆ ಚಾಪೆ ಹಾಸಿದಳು. ಅವಳ ತಾಯಿ ಕೂರುತ್ತಿದ್ದ ಕಿಟಕಿಯ ಕೆಳಗೆ ಇಬ್ಬರೂ ಕೂತು ಕಾಯಿ ಸುಲಿದೆವು, ಕಾಳು ನೆನೆಹಾಕಿ ಹಿತಕಿದೆವು. ಸಂಜೆಯಾಯಿತು. "ಆಂಟಿ, ನಿಮ್ಮ ಬಸ್ಸು?" ಅಂದಳು. ಬೆಳಿಗ್ಗೆ ಹೋದರಾಯಿತು ಅಂದೆ.