ಕರೆದವರ ಮನಸ್ಸು ನೋಯದಂತೆ

ವೇದಾವತಿ ಹರಿಯುವ ಹೊಸದುರ್ಗ ತಾಲ್ಲೂಕಿನಲ್ಲಿ ಬಾಗೂರು ಎಂದರೆ ಚನ್ನಕೇಶವನ ಊರು. ತೆಂಗಿಗೆ ಹೆಸರಾದ ಈ ಸೀಮೆಯಲ್ಲಿ ತೇರು ಬಂತೆಂದರೆ ನೆಂಟರಿಷ್ಟರಿಗೆಲ್ಲ ಕರೆ ಹೋಗುತ್ತದೆ. ಕರೆದವರಿಗೆ ‘ಬರಲ್ಲ’ ಎಂದು ಮುಖಕ್ಕೆ ಹೊಡೆದಂತೆ ಹೇಳುವ ರೂಢಿ ಇಲ್ಲಿಲ್ಲ. ‘ನೋಡೋಣ, ಆದ್ರೆ ಬರ್ತೀವಿ’ ಎನ್ನುತ್ತಾರೆ. ಮನೆಯಿಂದ ಹೊರಡುವಾಗಲೂ ‘ಹೋಗ್ತೀನಿ’ ಎನ್ನದೆ ‘ಬರ್ತೀನಿ’ ಎನ್ನುವ ಜನವಲ್ಲವೆ?

ಇಂಥ ಊರಿನ ಮಕ್ಕಳು ಓದಿಗೋ ಕೆಲಸಕ್ಕೋ ಬೆಂಗಳೂರು ಸೇರಿದಾಗ ತೊಡಕಾಗುವುದು ಇಂಗ್ಲಿಷಿನಲ್ಲಿ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಕಲಿಸಲಾಗುತ್ತಿದೆ. ವ್ಯಾಕರಣ ಬರುತ್ತದೆ, ಮರ್ಯಾದೆಯ ಮಾತು ತಡವರಿಸುತ್ತದೆ.

ಗೆಳೆಯನೊಬ್ಬ ಭಾನುವಾರ ಊಟಕ್ಕೆ ಕರೆದ ಎನ್ನಿ. ಅಂದೇ ಊರಿನಲ್ಲಿ ತೇರು. ‘ಬರಲ್ಲ’ ಎಂಬುದನ್ನು ಪದಕ್ಕೆ ಪದವಿಟ್ಟು ‘ಐ ವೋಂಟ್ ಕಮ್’ ಎಂದರೆ ಅವನ ಕಿವಿಗೆ ಬೀಳುವುದು ಹಟ. ನಮ್ಮಲ್ಲೂ ‘ಒಲ್ಲೆ’ ಬೇರೆ, ‘ಬರಲಾರೆ’ ಬೇರೆ. ಮೊದಲನೆಯದು ಮನಸ್ಸಿಲ್ಲ ಎನ್ನುತ್ತದೆ, ಎರಡನೆಯದು ಸಾಧ್ಯವಿಲ್ಲ ಎನ್ನುತ್ತದೆ. ಇಲ್ಲಿ ‘ವೋಂಟ್’ ಒಲ್ಲೆಯ ಕಡೆಯದು, ‘ಕಾಂಟ್’ ಬರಲಾರೆಯ ಕಡೆಯದು.

‘ಐ ವುಡ್ ಲವ್ ಟು ಕಮ್, ಬಟ್ ಐ ಕಾಂಟ್ ದಿಸ್ ಸಂಡೇ’ ಎಂದರೆ ಕೆಲಸ ಆಯಿತು. ‘ವುಡ್’ ಬರುವ ಆಸೆಯನ್ನು ತಿಳಿಸುತ್ತದೆ, ‘ಕಾಂಟ್’ ಅಡ್ಡಿಯನ್ನು ತಿಳಿಸುತ್ತದೆ. ‘ಬಟ್’ ಮರೆತು ಮೊದಲರ್ಧಕ್ಕೇ ನಿಲ್ಲಿಸಿದರೆ ಒಪ್ಪಿದಂತೆಯೇ! ಹಿರಿಯರಿಗೆ ಪತ್ರ ಬರೆಯುವಾಗ ‘ಐ ವಿಲ್ ನಾಟ್ ಬಿ ಏಬಲ್ ಟು ಅಟೆಂಡ್’ ಎಂಬುದು ಒಪ್ಪುತ್ತದೆ. ಇಲ್ಲಿ ‘ವಿಲ್’ ಇದ್ದರೂ ‘ಏಬಲ್’ ಸೇರಿ ಹಟ ಕರಗುತ್ತದೆ.

ಹೆಚ್ಚು ವಿನಯವೆಂದು ಕೆಲವರು ‘ಐ ಕುಡ್ ನಾಟ್ ಕಮ್’ ಎನ್ನುವುದುಂಟು. ಅದು ಕಳೆದ ಭಾನುವಾರದ ಮಾತಾಗುತ್ತದೆ. ‘ಐ ಮೈಟ್ ಕಮ್’ ಎಂದರೆ ನಮ್ಮ ‘ನೋಡೋಣ’ದ ಹತ್ತಿರ ಬಂತು. ಬರುವುದು ನಿಜವಾಗಿಯೂ ಅನುಮಾನವಿದ್ದರೆ ಸರಿ. ಬರುವುದಿಲ್ಲವೆಂದು ಮೊದಲೇ ಗೊತ್ತಿದ್ದರೆ ಬೇಡ.

ಏಕೆಂದರೆ ಕರೆದವರು ಎಲೆ ಎಣಿಸಿಯೇ ಅಕ್ಕಿ ಹಾಕುತ್ತಾರೆ. ಊರಿನಲ್ಲಿ ‘ನೋಡೋಣ’ ಎಂದವರ ಮನಸ್ಸು ಅವರ ದನಿಯಿಂದಲೇ ನೆಂಟರಿಗೆ ತಿಳಿಯುತ್ತದೆ. ಹೊಸಬರಿಗೆ ಅದು ತಿಳಿಯದು, ಕಾದು ಕೂರುತ್ತಾರೆ. ಮಾತು ಮೆತ್ತಗಿರಲಿ, ಉತ್ತರ ಗಟ್ಟಿಯಾಗಿರಲಿ. ತಂದೆ-ತಾಯಿಗಳು ಇಂಗ್ಲಿಷ್ ಬಾರದಿದ್ದರೂ ಇಷ್ಟನ್ನು ಮನೆಯಲ್ಲೇ ಕಲಿಸಬಲ್ಲರು: ಮೊದಲು ಕರೆದದ್ದಕ್ಕೆ ಸಂತೋಷ, ಆಮೇಲೆ ಆಗದೆಂಬ ಮಾತು, ಕೊನೆಗೆ ನಿಜವಾದ ಕಾರಣ. ಇಲ್ಲದ ಜ್ವರ ಬರಿಸಿಕೊಳ್ಳುವ ಅಗತ್ಯವಿಲ್ಲ. ಊರಿನ ತೇರೆಂಬುದು ನಾಚಬೇಕಾದ ಕಾರಣವೇನಲ್ಲ. ಅದನ್ನು ಹೇಳಿ, ‘ವುಡ್ ಯು ಲೈಕ್ ಟು ಕಮ್ ವಿತ್ ಮಿ?’ ಎಂದು ಕೇಳಿದರೆ ಕರೆದವನೇ ಬಾಗೂರಿಗೆ ಹೊರಟಾನು!