ಒಳಸುತ್ತಿನ ಬಣ್ಣ

ಮೊನ್ನೆ ದೊಡ್ಡವ್ವ ತನ್ನ ಹಳೆಯ ಇಳಕಲ್ ಸೀರೆಯೊಂದನ್ನು ಮುದ್ದೆ ಮಾಡಿ ನನ್ನ ಕೈಗಿಟ್ಟು, "ನೆಲಾ ಒರಸಾಕ ಆಗತೈತಿ, ತಗೊಂಡ ಹೋಗವಾ" ಅಂದಳು. ಮನೆಗೆ ತಂದು ಬಿಚ್ಚಿ ಬೆಳಕಿಗೆ ಹಿಡಿದೆ. ದಾಳಿಂಬೆ ಬಣ್ಣದ ನೂಲಿನ ಸೀರೆ. ಉಡುವಾಗ ಒಳಸುತ್ತಿಗೆ ಹೋಗುವ ಭಾಗ ಇನ್ನೂ ದಾಳಿಂಬೆಯೇ. ಹೊಲದ ಬಿಸಿಲು ತಿಂದ ಹೊರಸುತ್ತು ಇಟ್ಟಿಗೆ ಬಣ್ಣಕ್ಕೆ ಬಂದಿದೆ. ನಿರಿಗೆ ಬೀಳುವ ಕಡೆ ಎರಡೂ ಗೆರೆಗೆರೆಯಾಗಿ ಕೂಡಿಕೊಂಡಿವೆ. ನೆಲ ಒರೆಸುವುದಂತೆ! ಈ ಚಳಿಗಾಲಕ್ಕೆ ನನ್ನ ಗೋಡೆಯ ಕೌದಿ ಸಿಕ್ಕೇಬಿಟ್ಟಿತು.

ದೀಪಾವಳಿ ಮುಗಿಯಿತೆಂದರೆ ನಮ್ಮ ಮನೆಯ ಬಡಗಣ ಗೋಡೆ ಮುಟ್ಟಿದರೆ ಕೈ ಕೊರೆಯುತ್ತದೆ. ಅದಕ್ಕೆ ಆನಿಸಿದ ಮಂಚದ ಹಿಂದೆ ಒಂದು ಕೌದಿ ತೂಗುಹಾಕಿದರೆ ಕೋಣೆಯ ಮುಖವೇ ಬೇರೆ. ಉಳಿದ ಚೂರುಗಳನ್ನು ಉದ್ದನೆಯ ಚೀಲದಲ್ಲಿ ಗಿಡಿದು ಬಾಗಿಲಡಿಯ ಸಂದಿಗೆ ಇಡುತ್ತೇನೆ. ಹಳೆ ಕುಪ್ಪಸಗಳ ಗುಳೇದಗುಡ್ಡ ಖಣವನ್ನು ಮುಕ್ಕೋನ ಮಡಚಿ ಪೋಣಿಸಿದರೆ ಕಿಟಕಿಗೆ ತೋರಣ. ಖರ್ಚು ಅಂದರೆ ದಾರದ ಉಂಡೆ, ಸೂಜಿ. ಶಿವರಾತ್ರಿಗೆ ಚಳಿ ಶಿವ ಶಿವಾ ಅನ್ನುತ್ತ ಹೋದಮೇಲೆ ಎಲ್ಲ ಇಳಿಸಿ, ಬಿಸಿಲು ತೋರಿಸಿ, ಬೇವಿನೆಲೆ ಹಾಕಿ ಟ್ರಂಕಿಗೆ ತುಂಬುವುದು.

ಕೌದಿಗೆ ಬಣ್ಣ ಹೊಂದಿಸಲು ಜನ ಹತ್ತು ಮನೆಯ ಬಟ್ಟೆ ಕೂಡಿಸುತ್ತಾರೆ. ನನಗೆ ಒಂದೇ ಸೀರೆಯ ಒಳಸುತ್ತನ್ನೂ ಹೊರಸುತ್ತನ್ನೂ ಪಕ್ಕಪಕ್ಕದಲ್ಲಿ ಕೂರಿಸುವುದೇ ಇಷ್ಟ. ದೂರದಿಂದ ಅದು ಒಂದೇ ಬಣ್ಣ. ಹತ್ತಿರ ಬಂದವರ ಕಣ್ಣು ಮಾತ್ರ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಕತ್ತರಿಸುವ ಮೊದಲು ಬಟ್ಟೆಯ ಮೂಲೆಯನ್ನು ಕಿವಿಯ ಹತ್ತಿರ ಹಿಡಿದು ಸ್ವಲ್ಪ ಹರಿದು ನೋಡಬೇಕು. ಪರ್ರನೆ ಸದ್ದು ಬಂದರೆ ನೂಲಿನಲ್ಲಿ ಇನ್ನೂ ಕಸುವಿದೆ, ಅದು ಮೇಲ್ಪದರಕ್ಕೆ. ಸದ್ದಿಲ್ಲದೆ ಬಿಟ್ಟುಕೊಂಡರೆ ಒಳಪದರಕ್ಕೆ ಹಾಕಿ. ಮೇಲೆ ಹಾಕಿದರೆ ಹೊಲಿಗೆ ಬಿದ್ದಲ್ಲೆಲ್ಲ ಸೀಳುತ್ತದೆ. ಸೀರೆಯ ದಡಿ ಒತ್ತಾಗಿ ನೇಯ್ದದ್ದು, ಬೇಗ ಸವೆಯದು. ಅದನ್ನು ಉದ್ದಕ್ಕೆ ಬಿಡಿಸಿ ಕೌದಿಯ ನಾಲ್ಕೂ ಅಂಚಿಗೆ ಕೊಟ್ಟರೆ ತೂಗುಹಾಕಿದಾಗ ಜೋಲುವುದಿಲ್ಲ. ಒಳಗೆ ಹಳೆ ಧೋತರ ಎರಡು ಪದರ ಸಾಕು. ಟೆರಿಕಾಟ್ ಬೇಡ, ಪಾಲಿಯೆಸ್ಟರ್ ಅಂತೂ ಬೇಡವೇ ಬೇಡ. ಸೂಜಿ ಜಾರುತ್ತದೆ, ಪದರ ಒಂದಕ್ಕೊಂದು ಅಂಟಿ ಕೂರುವುದಿಲ್ಲ.

ಇಷ್ಟರವರೆಗೆ ಯಾರ ತಕರಾರೂ ಇಲ್ಲ. ಹೊಲಿಗೆ ಎಲ್ಲಿಂದ ಶುರು ಮಾಡಬೇಕು ಅಂದಾಗಲೇ ಜಗಳ. ಕ್ವಿಲ್ಟಿಂಗ್ ತರಗತಿಗೆ ಹೋಗಿಬಂದ ಗೆಳತಿಯರು ನಡುವಿನಿಂದ ಹೊರಕ್ಕೆ ಹೋಗಬೇಕು, ಇಲ್ಲವಾದರೆ ಸುಕ್ಕು ನಿಲ್ಲುತ್ತದೆ ಅನ್ನುತ್ತಾರೆ. ಮೇಲಿನ ತುಂಡುಗಳನ್ನೆಲ್ಲ ಮೊದಲೇ ಜೋಡಿಸಿ, ಯಂತ್ರಕ್ಕೆ ಕೊಡುವವರಿಗೆ ಅದು ಸರಿ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರು ಹೊಲಿಯುವುದನ್ನು ನೋಡಿ. ನೆಲದ ಮೇಲೆ ಸೀರೆ ಹಾಸಿ, ಒಂದು ಮೂಲೆಯಿಂದ ಹಿಡಿದು, ಅಂಚನ್ನು ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ತುಂಡನ್ನು ಇಡುವುದು, ಅದರ ಬದಿಯನ್ನು ಬೆರಳಿಂದ ಒಳಕ್ಕೆ ಮಡಚುವುದು, ಹೊಲಿಗೆ ಹಾಕುವುದು ಎಲ್ಲ ಒಂದೇ ಓಟದಲ್ಲಿ. ಮುಂದಿನ ತುಂಡು ಯಾವುದೆಂದು ಆ ಗಳಿಗೆಗೇ ತೀರ್ಮಾನ. ಕೊನೆಯ ತುಂಡು ನಡುವಿನಲ್ಲಿ ಬಂದು ಕೂರುತ್ತದೆ. ನಾಲ್ಕು ಮೂಲೆಗೆ ಪದರ ಪದರವಾಗಿ ಮಡಚಿದ ಮುಕ್ಕೋನದ ಬಟ್ಟೆ ಇಡುತ್ತಾರೆ. ಅದಕ್ಕೆ ಅವರು ಫುಲಾ ಅನ್ನುತ್ತಾರೆ, ಹೂವು. ಅದಿಲ್ಲದ ಕೌದಿ ಅವರ ಲೆಕ್ಕದಲ್ಲಿ ಬತ್ತಲೆ.

ಹಾಗೆ ಹೊಲಿದಾಗ ಸಾಲುಸಾಲಿನ ನಡುವೆ ಬಟ್ಟೆ ಸಣ್ಣಗೆ ಉಬ್ಬಿ ನಿಲ್ಲುತ್ತದೆ. ಸುಕ್ಕು ಎಂದು ಗೆಳತಿಯರು ಮೂಗು ಮುರಿಯುವುದು ಇದಕ್ಕೇ. ಆ ಉಬ್ಬಿನಲ್ಲಿ ಗಾಳಿ ನಿಲ್ಲುತ್ತದೆ, ಕೌದಿ ಬೆಚ್ಚಗಿರುವುದು ಅದರಿಂದಲೇ. ಸಂಜೆ ಓರೆ ಬಿಸಿಲು ಬಿದ್ದಾಗ ಪ್ರತಿ ಹೊಲಿಗೆಯ ಪಕ್ಕ ಒಂದೊಂದು ನೆರಳು ಕಾಣುವುದೂ ಅದರಿಂದಲೇ. ಇಸ್ತ್ರಿ ಹೊಡೆದ ಹಾಗೆ ಚಪ್ಪಟೆ ಬೇಕಾದವರು ಗೋಡೆಗೆ ಕ್ಯಾಲೆಂಡರ್ ಹಾಕಿಕೊಳ್ಳಲಿ.

ಈ ವರ್ಷ ಒಂದು ಕರಕುಶಲ ಮೇಳದಲ್ಲಿ ಈ ಚಪ್ಪಟೆಯ ಹುಚ್ಚನ್ನೂ ಮೀರಿದ್ದನ್ನು ಕಂಡೆ. ಕೌದಿ ಎಂದು ಫಲಕ ಹಾಕಿ ಮಾರುತ್ತಿದ್ದದ್ದು ಬರೀ ಚಾದರ, ಅದರ ಮೇಲೆ ತೇಪೆಗಳ ಚಿತ್ರ ಅಚ್ಚು ಹಾಕಿದೆ. ಹೊಲಿಗೆಯ ಗೆರೆಯೂ ಅಚ್ಚು! ಪಕ್ಕದ ಅಂಗಡಿಯಲ್ಲಿ ಹೊಸ ಥಾನಿನ ಬಟ್ಟೆಯನ್ನೇ ಕತ್ತರಿಸಿ ಜೋಡಿಸಿದ ಕೌದಿ. ನನಗೆ ಸಿಟ್ಟು ಬಂತು. ಉಟ್ಟು, ಒಗೆದು, ಕಲ್ಲಿಗೆ ಬಡಿದು ಗಂಜಿಯೆಲ್ಲ ಬಿಟ್ಟ ನೂಲಿಗೆ ಬರುವ ಮೆತ್ತಗಿನ ಗುಣ ಹೊಸ ಬಟ್ಟೆಗೆ ಎಲ್ಲಿಂದ ಬರಬೇಕು? ಅತ್ತ ಮೆತ್ತಗಾದ ಸೀರೆಗಳನ್ನು ಗಂಟು ಕಟ್ಟಿ ಸ್ಟೀಲ್ ಡಬ್ಬಿಗೆ ಕೊಟ್ಟುಬಿಡುತ್ತೇವೆ, ಇತ್ತ ಹೊಸದನ್ನು ಕೊಂಡು ಹಳೆಯದರ ವೇಷ ಹಾಕಿಸುತ್ತೇವೆ. ಮನೆಯಂಗಳದಲ್ಲಿ ಕುಳಿತು ಕೂಲಿಗೆ ಕೌದಿ ಹೊಲಿದುಕೊಡುವ ಹೆಂಗಸರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಆ ಚಾದರ ಕೊಳ್ಳುವ ಬದಲು ಮನೆಯ ಹಳೆ ಬಟ್ಟೆ ಅವರ ಮುಂದಿಟ್ಟು ಕೈತುಂಬ ಕೂಲಿ ಕೊಡಿ.

ಇನ್ನು ಕೌದಿಗೆ ಗಾಜಿನ ಚೌಕಟ್ಟು ಹಾಕಿಸುವವರು. ಪರಿಚಯದವರೊಬ್ಬರ ಪಡಸಾಲೆಯಲ್ಲಿ ಅವರ ಅಜ್ಜಿ ಹೊಲಿದ ಕೌದಿ ಹಾಗೆ ನಿಂತಿದೆ. ಹೋದ ಮಳೆಗಾಲದಲ್ಲಿ ಒಳಗೆ ತೇವ ಸೇರಿ ಕೆಳಗಿನ ಅಂಚಿಗೆ ಕರಿ ಬೂಷ್ಟಿನ ಚುಕ್ಕಿ ಬಂದಿವೆ. ನೂಲಿನ ಬಟ್ಟೆಗೆ ಗಾಳಿ ಬೇಕು, ಒಗೆತ ಬೇಕು. ಗೋಡೆಯ ಕೌದಿಗೆ ಬೇಕಾದದ್ದು ಬೆನ್ನಿಗೆ ಹೊಲಿದ ದಡಿಯ ಕುಣಿಕೆಗಳು, ಅದರಲ್ಲಿ ತೂರಿಸಲು ಒಂದು ಬಿದಿರು ಕೋಲು. ನೆಂಟರು ಬಂದರೆ ಕೋಲು ಎಳೆದು ಕೌದಿ ಹೊದೆಯಲು ಕೊಡಬಹುದು, ಬೆಳಿಗ್ಗೆ ಮತ್ತೆ ಗೋಡೆಗೆ. ಅವರಿಗೆ ನಾನು ಹೇಳಿಯಾಗಿದೆ, ಇಲ್ಲಿ ಮತ್ತೊಮ್ಮೆ ಹೇಳುತ್ತೇನೆ: ಆ ಚೌಕಟ್ಟಿನ ಮೊಳೆಗಳನ್ನು ಕೀಳಿಸಿ, ಕೌದಿಯನ್ನು ಹೊರಗೆ ತೆಗೆಯಿರಿ, ನಾಳೆಯೇ ಅಂಗಳದ ಬಿಸಿಲಿಗೆ ಹಾಕಿ.