ಕಾಕನ ಸೀಡಿ

ಮಂಜೇಶ್ವರದ ನಮ್ಮ ಮನೆಯ ಶೋಕೇಸಿನಲ್ಲಿ ಗಲ್ಫಿನಿಂದ ಬಂದ ಅತ್ತರಿನ ಖಾಲಿ ಬಾಟಲಿಗಳ ನಡುವೆ ಒಂದು ಸೀಡಿ ಇದೆ. ಹೊರಗೆ ಯಾರ ಚಿತ್ರವೂ ಇಲ್ಲ. ಗಾಢ ಹಿನ್ನೆಲೆಯಲ್ಲಿ ದೊಡ್ಡ ಅಕ್ಷರದ ಎರಡೇ ಪದ: ಫ್ರಾಂಜ್ ಫರ್ಡಿನಾಂಡ್. ಚಿತ್ರ ಇಲ್ಲದ್ದರಿಂದಲೇ ಅದು ಅಲ್ಲಿ ಉಳಿಯಿತು ಎಂದು ನನ್ನ ಗುಮಾನಿ. ಹಾಡುವ ಹೆಂಗಸಿನ ಫೋಟೋ ಇದ್ದಿದ್ದರೆ ಉಮ್ಮ ಎಂದೋ ಅಟ್ಟಕ್ಕೆ ಹಾಕುತ್ತಿದ್ದರು.

ಅದನ್ನು ತಂದದ್ದು ಕಾಕ, 2005ರ ರಜೆಯಲ್ಲಿ. ಶಾರ್ಜಾದಲ್ಲಿ ಪಿಕಪ್ ಓಡಿಸುತ್ತಿದ್ದ ಅವನು ಇಂಗ್ಲಿಷ್ ಹಾಡು ಕೇಳುವವನಲ್ಲ. ವಾಹನದ ರೇಡಿಯೋದಲ್ಲಿ ಒಂದು ಹಾಡು ಬಂತಂತೆ, ಅದಕ್ಕಾಗಿ ಇಡೀ ಸೀಡಿ ಕೊಂಡನಂತೆ. ಬಂದ ಮರುದಿನವೇ ನನ್ನನ್ನು ಕೂರಿಸಿ ಮೂರನೇ ಹಾಡು ಹಾಕಿದ. ‘ಟೇಕ್ ಮಿ ಔಟ್’. ಗಿಟಾರು ಓಡಿಕೊಂಡೇ ಶುರುವಾಗುತ್ತದೆ. ಇನ್ನೇನು ಇನ್ನೂ ಜೋರಾಗುತ್ತದೆ ಎನ್ನುವಾಗ, ಒಂದು ನಿಮಿಷ ಆಗುವ ಮೊದಲೇ, ಹಾಡು ಎಳೆದು ಎಳೆದು ನಿಧಾನವಾಗಿ ಬೇರೆಯೇ ನಡೆಗೆ ಇಳಿಯುತ್ತದೆ. ಸೀಡಿ ಹಾಳಾಗಿದೆ ಎಂದುಕೊಂಡೆ. ಕಾಕ ಮಾತ್ರ ನಗುತ್ತಾ ಮೊಣಕಾಲಿನ ಮೇಲೆ ತಾಳ ಹಾಕುತ್ತಿದ್ದ. "ಕೇಳು, ಇದು ಕೋಲ್ಕಳಿ, ಆದರೆ ಉಲ್ಟಾ," ಅಂದ. (ಮನೆಯಲ್ಲಿ ನಾವು ಮಾತಾಡುವುದು ಬ್ಯಾರಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

ಕೋಲ್ಕಳಿ ನೋಡಿದವರಿಗೆ ಅವನ ಮಾತು ತಿಳಿಯುತ್ತದೆ. ಮೆಲ್ಲಗೆ ಶುರುವಾಗಿ, ಸುತ್ತು ಸುತ್ತುತ್ತಾ ಕೋಲಿನ ಪೆಟ್ಟು ಬಿಗಿಯಾಗುತ್ತಾ, ಕೊನೆಗೆ ಕಾಲು ಕಾಣದಷ್ಟು ವೇಗಕ್ಕೆ ಏರುವುದು ನಮ್ಮ ಆಟ. ಸೀಡಿಯ ಮೊದಲ ಹಾಡು ‘ಜಾಕ್ವೆಲಿನ್’ ಇದೇ ದಾರಿಯದು: ಗುಣುಗುಣು ಎಂದು ಶುರುವಾಗಿ ಒಮ್ಮೆಲೇ ನುಗ್ಗುತ್ತದೆ. ಮೂರನೆಯದು ಬೆಟ್ಟದ ತುದಿಯಿಂದ ಶುರು ಮಾಡಿ ಇಳಿಯುತ್ತದೆ. ಇಳಿದ ಮೇಲೆಯೇ ಅದಕ್ಕೆ ಕುಣಿಯುವ ನಡೆ ಸಿಗುವುದು.

ಕಾಕನಿಗೆ ಇದು ಗೊತ್ತಿದ್ದದ್ದು ಅವನು ಹೈಸ್ಕೂಲಿನಲ್ಲಿ ಕೋಲ್ಕಳಿ ತಂಡದಲ್ಲಿ ಇದ್ದುದರಿಂದ. ಕನ್ನಡ ಮಾಧ್ಯಮದ ಹುಡುಗರ ತಂಡ. ಕಲೋತ್ಸವಕ್ಕೆ ಹೋದರು, ಚೆನ್ನಾಗಿ ಆಡಿದರು. ತೀರ್ಪು ಕೊಡುವವರೊಬ್ಬರು ಕೊನೆಗೆ ಹತ್ತಿರ ಕರೆದು, ಕಾಲು ಸರಿಯಿದೆ, ಉಚ್ಚಾರ ಮಾತ್ರ ನಮ್ಮದಲ್ಲ ಅಂದರಂತೆ. ಹಾಡು ಎತ್ತಿಕೊಡುತ್ತಿದ್ದವನು ಕಾಕ. ಆ ಮೇಲೆ ಅವನು ಕೋಲು ಮುಟ್ಟಲಿಲ್ಲ. ಇದನ್ನು ನನಗೆ ಹೇಳಿದ್ದು ಅವನಲ್ಲ, ಉಮ್ಮ. ಅವನ ಬಾಯಲ್ಲಿ ಆ ದಿನದ ಮಾತು ಬಂದದ್ದೇ ಇಲ್ಲ. ಮಂಗಳೂರಿಗೆ ಕೆಲಸಕ್ಕೆ ಹೋದಾಗ ಅಲ್ಲಿಯವರು ಅವನನ್ನು ‘ಕೇರಳದವ’ ಅಂದರು. ಅದು ಎಲ್ಲರ ಕಥೆ, ಬಿಡಿ.

2012ರಲ್ಲಿ ನಾನು ಓದಲಿಕ್ಕೆ ಗ್ಲಾಸ್ಗೊಗೆ ಹೋದೆ. ಊರಿನ ಹೆಸರು ಕೇಳಿದ್ದೇ ಕಾಕ, "ನನ್ನ ಸೀಡಿಯವರ ಊರು!" ಎಂದು ಕೂಗಿದ. ನಾನಿದ್ದದ್ದು ಪೊಲಕ್‌ಶೀಲ್ಡ್ಸ್ ಕಡೆ. ಹಲಾಲ್ ಅಂಗಡಿ, ಮಸೀದಿ, ಪಂಜಾಬಿ ಮಾತು, ಬಿಡದ ಮಳೆ. ಮಳೆಯ ವಿಷಯದಲ್ಲಿ ಮಾತ್ರ ನಾನು ಮೊದಲ ದಿನದಿಂದಲೇ ಅಲ್ಲಿಯವಳಾಗಿದ್ದೆ. ಕಾಕನಿಗೆ ಹೇಳಲೆಂದು ಆ ತಂಡದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ.

ಆಲ್ಬಮ್ ಬಂದದ್ದು 2004ರ ಫೆಬ್ರವರಿಯಲ್ಲಿ, ಡೊಮಿನೊ ಎಂಬ ಸ್ವತಂತ್ರ ಕಂಪೆನಿಯಿಂದ. ಹನ್ನೊಂದು ಹಾಡು, ನಲವತ್ತು ನಿಮಿಷವೂ ಇಲ್ಲ. ಧ್ವನಿಮುದ್ರಣ ಸ್ವೀಡನ್ನಿನ ಮಾಲ್ಮೊದಲ್ಲಿ, ಟೋರೆ ಯೊಹಾನ್‌ಸನ್ ಕೈಯಲ್ಲಿ. ಶುರುವಿನ ದಿನಗಳಲ್ಲಿ ಇವರು ಗ್ಲಾಸ್ಗೊದ ಒಂದು ಪಾಳು ಗೋದಾಮಿನಲ್ಲಿ ಬಾರಿಸುತ್ತಿದ್ದರು. ಅದಕ್ಕೆ ತಾವೇ ‘ಶಾಟೋ’, ಅಂದರೆ ಅರಮನೆ, ಎಂದು ಹೆಸರಿಟ್ಟಿದ್ದರು. ಹುಡುಗಿಯರು ಕುಣಿಯುವಂಥ ಹಾಡು ಮಾಡಬೇಕು ಎಂಬುದು ಅವರ ಹಟ. ಆ ಹೊತ್ತಿಗೆ ಗಿಟಾರು ಹಿಡಿದವರೆಂದರೆ ತಲೆ ತಗ್ಗಿಸಿ ಕೊರಗುವವರೇ ಜಾಸ್ತಿ. ತಂಡದ ಹೆಸರು 1914ರಲ್ಲಿ ಸಾರಾಯೆವೊದಲ್ಲಿ ಗುಂಡಿಗೆ ಬಲಿಯಾದ ಆಸ್ಟ್ರಿಯಾದ ಯುವರಾಜನದು. ಆದರೆ ಅವರಿಗೆ ಅದು ಹೊಳೆದದ್ದು ಟೀವಿಯಲ್ಲಿ ಅದೇ ಹೆಸರಿನ ರೇಸ್ ಕುದುರೆಯನ್ನು ನೋಡಿ. ಮೂರನೇ ಹಾಡಿನ ಹೆಸರಿಗೂ ಇಬ್ಬಗೆ ಅರ್ಥ: ಹೊರಗೆ ಕರೆದುಕೊಂಡು ಹೋಗು ಅಂತಲೂ ಆಗುತ್ತದೆ, ಕೊಂದುಬಿಡು ಅಂತಲೂ ಆಗುತ್ತದೆ.

ಎಲ್ಲ ಹಾಡೂ ಒಂದೇ ತೂಕದವಲ್ಲ. ‘ಚೀಟಿಂಗ್ ಆನ್ ಯು’ ನನಗೆ ಇಂದಿಗೂ ಬರೀ ಅವಸರದ್ದಾಗಿ ಕೇಳುತ್ತದೆ. ಆದರೆ ‘ಆಫ್ ಆಕ್ಸೆ’ ಎಂಬ ಐದನೇ ಹಾಡಿನ ಹೆಸರು ಜರ್ಮನ್, ದಾರಿಯ ಮೇಲಿರುವುದು ಎಂದು ಅರ್ಥ ಎಂದು ಫೋನಿನಲ್ಲಿ ಹೇಳಿದಾಗ ಪಿಕಪ್ ಡ್ರೈವರ್ ಕಾಕನಿಗೆ ಬಹಳ ಖುಷಿಯಾಯಿತು. "ಸ್ಕಾಟ್‌ಲೆಂಡಿನವರಿಗೆ ಜರ್ಮನ್ ಯಾಕೆ?" ಎಂದು ಕೇಳಿದ.

ಆಗ ಹೇಳಿದೆ. ಆಗ ಗಿಟಾರು ಹಿಡಿಯುತ್ತಿದ್ದ ನಿಕ್ ಮೆಕಾರ್ಥಿ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಬೆಳೆದದ್ದು ಜರ್ಮನಿಯ ಬವೇರಿಯಾದಲ್ಲಿ. ಬೇಸ್ ಬಾರಿಸುವ ಬಾಬ್ ಹಾರ್ಡಿ ಇಂಗ್ಲೆಂಡಿನ ಯಾರ್ಕ್‌ಷೈರಿನವನು. ಚಿತ್ರಕಲೆ ಓದಲು ಗ್ಲಾಸ್ಗೊಗೆ ಬಂದವನಿಗೆ ಬೇಸ್ ಹಿಡಿಯುವುದನ್ನು ಕಲಿಸಿದ್ದೇ ಹಾಡುಗಾರ ಅಲೆಕ್ಸ್ ಕಪ್ರಾನೋಸ್. ಆ ಅಲೆಕ್ಸನಾದರೂ ಇಂಗ್ಲೆಂಡಿನಲ್ಲೇ ಹುಟ್ಟಿದವನು, ತಂದೆ ಗ್ರೀಕರು. ಮೊದಲು ಹಂಟ್ಲಿ ಎಂಬ ಹೆಸರಿನಲ್ಲಿ ಹಾಡುತ್ತಿದ್ದು, ಮತ್ತೆ ತಂದೆಯ ಗ್ರೀಕ್ ಹೆಸರಿಗೆ ಬಂದವನು. ಗ್ಲಾಸ್ಗೊದಲ್ಲಿ ಹುಟ್ಟಿದವನು ಡ್ರಮ್ಮಿನ ಪಾಲ್ ಥಾಮ್ಸನ್ ಒಬ್ಬನೇ. ಆದರೂ ಜಗತ್ತಿಗೆಲ್ಲ ಅದು ಗ್ಲಾಸ್ಗೊದ ತಂಡ, ಗ್ಲಾಸ್ಗೊದವರಿಗೂ ತಮ್ಮದೇ ತಂಡ.

ಆ ಕಡೆಯಿಂದ ಮಾತಿಲ್ಲ. ಕಾಲ್ ಕಟ್ ಆಯಿತು ಎಂದುಕೊಂಡೆ.

"ಅವರಿಗೆ ಯಾರೂ ಉಚ್ಚಾರ ನಮ್ಮದಲ್ಲ ಅನ್ನಲಿಲ್ಲವಾ?" ಅಂದ ಕಾಕ.

ಏನು ಹೇಳಲಿ? "ಇಲ್ಲ ಕಾಕ. ಆ ವರ್ಷದ ಮರ್ಕ್ಯುರಿ ಪ್ರಶಸ್ತಿ ಇವರಿಗೇ ಕೊಟ್ಟರು," ಅಂದೆ. "ಎಷ್ಟು?" ಅಂದ. 20 ಸಾವಿರ ಪೌಂಡ್ ಅಂದೆ. "ದಿರ್ಹಮಿಗೆ ಎಷ್ಟಾಗುತ್ತದೆ?" ಅಂದ. ಇಬ್ಬರೂ ಲೆಕ್ಕ ಹಾಕುತ್ತಾ ಮಾತು ಬೇರೆಲ್ಲಿಗೋ ಹೋಯಿತು.

ಈಗ ಕಾಕ ಊರಿನಲ್ಲೇ ಇದ್ದಾನೆ. ಮೊಣಕಾಲು ನೋವು. ಹಾಗಿದ್ದರೂ ಅಸರ್ ಮುಗಿಸಿ ಬಂದು ಮಗನಿಗೆ ಅಂಗಳದಲ್ಲಿ ಕೋಲ್ಕಳಿಯ ಹೆಜ್ಜೆ ತೋರಿಸುತ್ತಾನೆ, ತಾನು ಜಗಲಿಯ ಮೇಲೆ ಕೂತು. ಹುಡುಗ ಮಲಯಾಳಂ ಮಾಧ್ಯಮದವನು, ಹಾಡಿನ ಮಾತು ಅವನಿಗೆ ನೀರು ಕುಡಿದಂತೆ. ಅವನಿಗೆ ತೊಡಕು ಕನ್ನಡದ್ದು. ಈ ಬರಹವನ್ನು ಮೊನ್ನೆ ಅವನಿಂದಲೇ ಉಮ್ಮನಿಗೆ ಓದಿಸಿದೆ. ಒತ್ತಕ್ಷರ ಬಂದಲ್ಲೆಲ್ಲ ನಿಂತು, ಎಡವಿ, ಕೂಡಿಸಿ ಕೂಡಿಸಿ ಓದಿದ. ಪಕ್ಕದಲ್ಲಿ ಕೂತಿದ್ದ ಕಾಕ ಒಂದನ್ನೂ ತಿದ್ದಲಿಲ್ಲ.